ಬ್ರೆಡ್ಡಿಗೆ ಸಿಕ್ಕ ವಿಟಮಿನ್ ಟೋರ್ಟಿಯಾಗೆ ಸಿಗಲು 28 ವರ್ಷ!

ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಬಿಳಿ ಬ್ರೆಡ್ಡಿಗೆ 1998ರಿಂದಲೂ ಫೋಲಿಕ್ ಆಸಿಡ್ ಸೇರಿಸಲಾಗುತ್ತಿದೆ. ಆದರೆ ಮೆಕ್ಕೆಜೋಳದ ಟೋರ್ಟಿಯಾಗೆ ಆ ನಿಯಮ ಅನ್ವಯಿಸಲಿಲ್ಲ. ಬ್ರೆಡ್ ತಿನ್ನುವವರು ಯಾರು, ಟೋರ್ಟಿಯಾ ತಿನ್ನುವವರು ಯಾರು ಅಂತ ನೋಡಿದ್ರೆ ರಾಜಕೀಯ ಅರ್ಥವಾಗುತ್ತೆ.

ಫೋಲಿಕ್ ಆಸಿಡ್ ಅಂದ್ರೆ ಬಿ ಗುಂಪಿನ ಒಂದು ವಿಟಮಿನ್. ಗರ್ಭ ಕಟ್ಟಿದ ಮೊದಲ 28 ದಿನಗಳಲ್ಲಿ, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನಾಳ ಮುಚ್ಚಿಕೊಳ್ಳುತ್ತದೆ. ಈ ವಿಟಮಿನ್ ಕೊರತೆಯಾದರೆ ನಾಳ ಪೂರ್ತಿ ಮುಚ್ಚದೇ ಹೋಗುವ ಅಪಾಯ ಹೆಚ್ಚು. ಮಗು ಸ್ಪೈನಾ ಬೈಫಿಡಾದಂಥ ನ್ಯೂನತೆಯೊಂದಿಗೆ ಹುಟ್ಟಬಹುದು. ಮಿದುಳೇ ಸರಿಯಾಗಿ ಬೆಳೆಯದ ಅನೆನ್‌ಸೆಫಲಿಯಾದರೆ ಮಗು ಉಳಿಯುವುದಿಲ್ಲ. ತೊಡಕು ಏನಂದ್ರೆ, ಆ 28 ದಿನಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಅನ್ನೋದೇ ಗೊತ್ತಿರಲ್ಲ. ಡಾಕ್ಟರ್ ಹತ್ತಿರ ಹೋಗಿ ಮಾತ್ರೆ ಬರೆಸಿಕೊಳ್ಳುವಷ್ಟರಲ್ಲಿ ಸಮಯ ಮೀರಿರುತ್ತದೆ. ಅದಕ್ಕೇ ದಿನನಿತ್ಯದ ಹಿಟ್ಟಿಗೇ ಬೆರೆಸುವ ದಾರಿ ಹಿಡಿದಿದ್ದು. ಇದರಿಂದ ವರ್ಷಕ್ಕೆ ಸುಮಾರು 1,300 ಮಕ್ಕಳು ಈ ನ್ಯೂನತೆಗಳಿಂದ ಪಾರಾಗುತ್ತಿದ್ದಾರೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಅಂದಾಜು.

ಆ ನಿಯಮದಿಂದ ಹೊರಗುಳಿದದ್ದು ಮಾಸಾ ಹಿಟ್ಟು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ಮಾಡೋದು. (ಸುಣ್ಣ ಸೇರಿಸಿದರೆ ಜೋಳದೊಳಗಿನ ನಿಯಾಸಿನ್ ದೇಹಕ್ಕೆ ದಕ್ಕುತ್ತದೆ. ಪ್ರಯೋಗಾಲಯಗಳು ಹುಟ್ಟುವ ಎಷ್ಟೋ ಮೊದಲೇ ಅಲ್ಲಿನ ಅಜ್ಜಿಯರು ಕಂಡುಕೊಂಡಿದ್ದ ಉಪಾಯ ಇದು!) ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಜೋಳದ ರೊಟ್ಟಿ ಹೇಗೋ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಮನೆಗಳಿಗೆ ಟೋರ್ಟಿಯಾ ಹಾಗೆ. ಅಮೆರಿಕದಲ್ಲಿ ಬಿಳಿಯ ತಾಯಂದಿರಿಗಿಂತ ಲ್ಯಾಟಿನಾ ತಾಯಂದಿರ ಮಕ್ಕಳಲ್ಲಿ ಈ ನ್ಯೂನತೆಗಳು ಹೆಚ್ಚು. ಅವರಲ್ಲೂ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾ ಹಳೆಯ ಅಡುಗೆಯನ್ನೇ ಉಳಿಸಿಕೊಂಡವರಿಗೆ ಫೋಲಿಕ್ ಆಸಿಡ್ ಸಿಗೋದು ಇನ್ನೂ ಕಡಿಮೆ.

ಇಂಥದ್ದನ್ನು ಕಂಡಾಗ 'ಅವರ ಊಟದ ಪದ್ಧತಿಯೇ ಸರಿ ಇಲ್ಲ' ಅನ್ನೋರು ಇದ್ದೇ ಇರ್ತಾರೆ. 'ಅವರು' ಅಂದ್ರೆ ಯಾರು? 2008ರಿಂದ 2011ರ ನಡುವೆ ಬ್ರಾಂಕ್ಸ್, ಷಿಕಾಗೊ, ಮಿಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 16 ಸಾವಿರಕ್ಕೂ ಹೆಚ್ಚು ಲ್ಯಾಟಿನೊಗಳನ್ನು ಪರೀಕ್ಷಿಸಿದ ಅಧ್ಯಯನ ನೋಡಿ. ಸಕ್ಕರೆ ಕಾಯಿಲೆ ಮೆಕ್ಸಿಕೊ ಮೂಲದವರಲ್ಲಿ ಶೇ. 18.3, ದಕ್ಷಿಣ ಅಮೆರಿಕ ಮೂಲದವರಲ್ಲಿ ಶೇ. 10.2. ಒಂದೇ ಹಣೆಪಟ್ಟಿ ಹಚ್ಚಿ ಲೆಕ್ಕ ಹಾಕಿದ್ರೆ ಈ ಅಂತರವೇ ಕಾಣಲ್ಲ.

ಮಾಸಾಗೂ ಫೋಲಿಕ್ ಆಸಿಡ್ ಸೇರಿಸಲು ಬಿಡಿ ಅಂತ ಮಕ್ಕಳ ವೈದ್ಯರ ಸಂಘಟನೆ, ಲ್ಯಾಟಿನೊ ಹಕ್ಕುಗಳ ಸಂಘಟನೆ ಮುಂತಾದವು 2012ರಲ್ಲಿ ಅರ್ಜಿ ಹಾಕಿದವು. ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಅದೂ ಕಡ್ಡಾಯವಲ್ಲ, ಕಂಪನಿಗಳ ಇಷ್ಟ. ಹೆಚ್ಚಿನ ಕಂಪನಿಗಳು ಇಷ್ಟಪಡಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ, 2026ರ ಜನವರಿ 1ರಿಂದ ಕಡ್ಡಾಯಗೊಳಿಸಿತು. ಮಸೂದೆ ತಂದವರು ಫ್ರೆಸ್ನೊದ ಶಾಸಕ ಹೋವಾಕಿನ್ ಅರಾಂಬುಲಾ, ವೃತ್ತಿಯಲ್ಲಿ ವೈದ್ಯರು.

ಆದರೆ ಇದು ಒಂದು ರಾಜ್ಯದ ಕಾನೂನು. ಒಕ್ಕೂಟ ಸರ್ಕಾರದ 2016ರ ನಿಯಮದಲ್ಲಿ ಇರೋದು ಅನುಮತಿ ಮಾತ್ರ.