ಆಟಕ್ಕೂ ಒಂದು ಪದವಿಯೇ?

ಹಿರಿಯವನು ಅಂಗಡಿಗೆ, ಕಿರಿಯವನು ಇಂಜಿನಿಯರಿಂಗಿಗೆ ಎಂಬುದು ಬೇಗಂ ಬಜಾರಿನಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ಹಳೆಯ ಲೆಕ್ಕಾಚಾರ. ಮಗನು ವ್ಯಾಯಾಮ ವಿಜ್ಞಾನವನ್ನು ಓದುತ್ತೇನೆಂದರೆ, ಆಟಕ್ಕೂ ಒಂದು ಪದವಿಯೇ ಎಂದು ತಂದೆ ಕೇಳುವುದು ಸಹಜ. ಹಣ ತಂದೆಯದು, ವಯಸ್ಸು ಮಗನದು, ಎರಡೂ ವ್ಯರ್ಥವಾಗಬಾರದು. ಆದುದರಿಂದ ಉತ್ತರವನ್ನು ಸಾವಧಾನವಾಗಿ ವಿಚಾರಿಸುವುದು ಲೇಸು.

ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದ ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೆಟ್ಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಮೆ. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ, ಎಳೆಯ ಚಾಲಕರ ಸೊಂಟವೂ ನಿರ್ವಾಹಕರದಕ್ಕಿಂತ ದಪ್ಪವೆಂದು ಕಂಡಿತು. ರೋಗಕ್ಕೆ ಕಾರಣ ಕುಳಿತಿರುವುದೋ, ಮೈಕಟ್ಟೋ ಎಂಬ ಸಂದೇಹಕ್ಕೆ ಎಡೆಗೊಡುವ ಆ ಅಂಶವನ್ನೂ 1956ರಲ್ಲಿ ಮುಚ್ಚಿಡದೆ ಪ್ರಕಟಿಸಿದರು. ತನ್ನ ತೀರ್ಪನ್ನು ತಾನೇ ಮತ್ತೆ ತೂಗಿ ನೋಡುವ ಈ ಕ್ರಮ ಮೈದಾನದ ಓಟವೊಂದರಿಂದಲೇ ಬಾರದು; ಓದಬೇಕು.

ನಮ್ಮ ಬಜಾರಿಗೂ ಈ ವಿಚಾರ ದೂರದ್ದಲ್ಲ. ಒಳಗೆ ಬೆಳಗಿನಿಂದ ಗಾದಿಯ ಮೇಲೆ ಕುಳಿತ ವರ್ತಕ. ಹೊರಗೆ ಮೂಟೆ ಹೊರುವ ಹಮಾಲಿ. ಒಬ್ಬನಿಗೆ ಚಲನೆಯ ಕೊರತೆ, ಮತ್ತೊಬ್ಬನಿಗೆ ಬಿಡುವಿನ ಕೊರತೆ. ವಯಸ್ಕ ಪುರುಷನು ಹೊರುವ ಭಾರ 55 ಕಿಲೋ ಮೀರದಿರಲೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ದೇಹ ಎಷ್ಟು ಶ್ರಮವನ್ನು ತಾಳೀತು, ಎಷ್ಟು ವಿಶ್ರಾಂತಿಯನ್ನು ಬೇಡೀತು ಎಂದು ಅಳೆಯುವುದು ಈ ಶಾಸ್ತ್ರದ ಕಾರ್ಯವೇ ಆಗಿದೆ.

ಓದಿನಿಂದ ಆಟಕ್ಕಾಗುವ ಲಾಭಕ್ಕೂ ದೂರ ಹೋಗಬೇಕಾಗಿಲ್ಲ. ಈ ಊರಿನವರೇ ಆದ ಎಸ್. ಎ. ರಹೀಂ ಸಾಹೇಬರು ಶಾಲಾ ಉಪಾಧ್ಯಾಯರಾಗಿದ್ದು, ವ್ಯಾಯಾಮ ಶಿಕ್ಷಣವನ್ನೂ ಕ್ರಮವಾಗಿ ಕಲಿತವರು. ಅವರು ತರಬೇತುಗೊಳಿಸಿದ ಭಾರತದ ಫುಟ್ಬಾಲ್ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

ಇನ್ನು ವ್ಯವಹಾರದ ಮಾತು. ಇಲ್ಲಿ ಎರಡು ದಾರಿಗಳಿವೆ, ಬೆರಸಬಾರದು. ಬಿ.ಪಿ.ಎಡ್. ಎಂಬುದು ಪದವಿಯ ಅನಂತರ ಎರಡು ವರ್ಷದ ಓದು. ವ್ಯಾಯಾಮ ಶಿಕ್ಷಕನಾಗುವ ಮಾರ್ಗ. ತೆಲಂಗಾಣದಲ್ಲಿ ಅದರ ಪ್ರವೇಶಕ್ಕೆ ಓಟ, ಜಿಗಿತ, ಗುಂಡು ಎಸೆತಗಳ ಪರೀಕ್ಷೆಯುಂಟು; ನಗರದ ದೋಮಲಗುಡದಲ್ಲಿ ಸರ್ಕಾರಿ ಕಾಲೇಜೂ ಇದೆ. ವ್ಯಾಯಾಮ ವಿಜ್ಞಾನವಾದರೋ ಶರೀರಕ್ರಿಯೆ, ಚಲನೆಯ ಯಂತ್ರಶಾಸ್ತ್ರ, ಆಹಾರ, ಮನಶ್ಶಾಸ್ತ್ರಗಳನ್ನು ಪ್ರಯೋಗಶಾಲೆಯಲ್ಲಿ ಕಲಿಸುವಂಥದು. ಇದರಿಂದ ವೈದ್ಯನಾಗುವುದಿಲ್ಲ, ಫಿಸಿಯೋಥೆರಪಿಸ್ಟನೂ ಆಗುವುದಿಲ್ಲ; ತಂಡಗಳಲ್ಲಿ, ವ್ಯಾಯಾಮ ಕೇಂದ್ರಗಳಲ್ಲಿ, ಸಂಶೋಧನೆಯಲ್ಲಿ ಕೆಲಸ ದೊರಕಬಹುದು. ಶುಲ್ಕ ಕಟ್ಟುವ ಮುನ್ನ ಮಾನ್ಯತೆ ಉಂಟೇ, ಪ್ರಯೋಗಶಾಲೆ ಉಂಟೇ, ಹಿಂದಿನ ವರ್ಷ ಓದಿ ಹೊರಬಂದವರು ಎಲ್ಲಿದ್ದಾರೆ ಎಂದು ತಂದೆಯಾದವನು ಖುದ್ದಾಗಿ ವಿಚಾರಿಸಲಿ. ಸರಕು ಕೊಳ್ಳುವಾಗ ಮಾದರಿ ನೋಡುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಉತ್ತರ ಸಮಾಧಾನಕರವಾಗಿದ್ದರೆ ಹುಡುಗನನ್ನು ತಡೆಯಬೇಡಿರಿ. ಕುಳಿತು ಗಳಿಸಿದವರಿಗೆ ಎದ್ದು ನಡೆಯಬೇಕಾದ ಕಾರಣವನ್ನು ತಿಳಿಸುವವನೊಬ್ಬ ನಮ್ಮ ಮನೆಯಲ್ಲೇ ಇರಲಿ.