ತಲೆಬಾಗಿಲಿಗೆ ಎಣ್ಣೆ ಹಚ್ಚುವ ಕಾಲ

ಶಹಾಪುರದ ಕಡೆಯಿಂದ ಗೋಗಿಗೆ ಬಂದರೆ ಕಣ್ಣಿಗೆ ಬೀಳುವುದೆಲ್ಲ ಕಲ್ಲು. ಗುಡ್ಡ ಕಲ್ಲು, ಬದು ಕಲ್ಲು, ಹಳೆಯ ಮನೆಗಳ ಗೋಡೆ ಕಲ್ಲು. ವಿಜಯಪುರವನ್ನಾಳಿದ ಆದಿಲ್‌ಶಾಹಿ ಮನೆತನದ ಮೊದಲ ಅರಸ ಯೂಸುಫ್ ಆದಿಲ್ ಶಾಹ್ 1510ರ ಸುಮಾರಿಗೆ ತೀರಿಕೊಂಡಾಗ ಮಣ್ಣಾದದ್ದು ಇದೇ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಆಸರೆಯಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಮಲಗಿರುವುದೂ ಇಲ್ಲಿಯೇ. ಆ ಗೋರಿಗಳ ಕಲ್ಲು ಐದು ಶತಮಾನಗಳ ಬಿಸಿಲು ತಡೆದಿದೆ. ಊರಿನ ಓಣಿಗಳಲ್ಲಿ ಆ ಕಲ್ಲಿನ ಜೊತೆಗೇ ಬದುಕುತ್ತಿರುವ ಮರಕ್ಕೆ ಆ ತಾಕತ್ತಿಲ್ಲ. ತಲೆಬಾಗಿಲು, ಬಾಗಿಲವಾಡ, ಕಟ್ಟೆಯ ಮೇಲಿನ ಕಂಬ, ಗೋಡೆಯಿಂದ ಗೇಣುದ್ದ ಹೊರಗೆ ಚಾಚಿದ ಜಂತಿಯ ತುದಿ ಇವೆಲ್ಲ ಮನುಷ್ಯನ ಕೈ ಆಡಿದರಷ್ಟೇ ಉಳಿಯುವಂಥವು. ಆ ಕೈ ಆಡುವುದು ನಿಂತಿದೆ ಎಂಬುದೇ ನನ್ನ ತಕರಾರು.

ದಿಮ್ಮಿಯ ಮೇಲೆ ದಿಮ್ಮಿ ಜೋಡಿಸಿ ಗೋಡೆ ಎಬ್ಬಿಸಿದ ಮನೆಗಳು ನಮ್ಮ ಬಯಲುಸೀಮೆಯಲ್ಲಿಲ್ಲ. ಅವು ರಷ್ಯಾ, ಫಿನ್ಲೆಂಡ್, ಸ್ವೀಡನ್, ಅಮೆರಿಕದ ಕಾಡುಸೀಮೆಯವು. ಆದರೆ ಇಡೀ ಮನೆಯನ್ನೇ ಗಾಳಿ ಮಳೆಗೆ ಒಡ್ಡಿ ಬದುಕಿದ ಆ ಜನ ಮರ ಕಾಯುವ ವಿದ್ಯೆಯನ್ನು ನಮಗಿಂತ ಹೆಚ್ಚು ಬಲ್ಲರು. ನಾರ್ವೆಯ ಉರ್ನೆಸ್‌ನಲ್ಲಿ 12ನೇ ಶತಮಾನದ ಮರದ ಚರ್ಚು ಇಂದಿಗೂ ನಿಂತಿದೆ. ಆ ನಾಡಿನ ಇಂಥ ಚರ್ಚುಗಳಿಗೆ ಪೈನ್ ಮರದ ಬೇರಿನಿಂದ ಇಳಿಸಿದ ಡಾಂಬರಿನಂಥ ಎಣ್ಣೆಯನ್ನು ತಲೆಮಾರುಗಳಿಂದ ಬಳಿಯುತ್ತ ಬಂದಿದ್ದಾರೆ. ಸ್ವೀಡನ್ನಿನ ಹಳ್ಳಿಮನೆಗಳು ಕೆಂಪಗೆ ಕಾಣುವುದು ಫಾಲುನ್ ತಾಮ್ರದ ಗಣಿಯ ಕೆಮ್ಮಣ್ಣಿನಿಂದ. ಅದನ್ನು ರೈ ಧಾನ್ಯದ ಹಿಟ್ಟು, ಅಗಸಿ ಎಣ್ಣೆಯ ಜೊತೆ ಕುದಿಸಿ ಬಳಿಯುತ್ತಾರೆ. ಕೆಮ್ಮಣ್ಣು, ಅಗಸಿ ಎಣ್ಣೆ! ಎರಡೂ ನಮ್ಮ ಸೀಮೆಯ ಪದಾರ್ಥಗಳೇ. ಅಮೆರಿಕದಲ್ಲಿ ನೆಲೆಸಿದ ನಮ್ಮ ಹುಡುಗರು ಬೇಸಿಗೆ ರಜೆಯಲ್ಲಿ ಮನೆಯ ಹಿತ್ತಲ ಡೆಕ್ಕಿಗೆ ಬಳಿಯುವ ಸ್ಟೇನ್ ಕೂಡ ಮೂಲದಲ್ಲಿ ಇದೇ: ಮರದೊಳಕ್ಕೆ ಇಳಿಯುವ ಎಣ್ಣೆ, ಅದರಲ್ಲಿ ಕಲಸಿದ ಚಿಟಿಕೆ ಬಣ್ಣ.

ಮರವನ್ನು ಕೆಡಿಸುವುದು ಮಳೆ ಎಂದು ನಾವೆಲ್ಲ ನಂಬಿದ್ದೇವೆ. ಯಾದಗಿರಿ ಜಿಲ್ಲೆಯ ಮಟ್ಟಿಗೆ ಮೊದಲ ಅಪರಾಧಿ ಬಿಸಿಲು. ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಅದೇ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಲ್ಲಿ ಲಿಗ್ನಿನ್ ಒಡೆಯುತ್ತದೆ, ಮುಂದಿನ ಮಳೆ ಅದನ್ನು ತೊಳೆದು ಒಯ್ಯುತ್ತದೆ, ಮೇಲೆ ಬೂದುಬಣ್ಣದ ಸಡಿಲ ನಾರು ಉಳಿಯುತ್ತದೆ. ಹಳೆಯ ಬಾಗಿಲಿನ ಮೇಲೆ ಅಂಗೈ ಸವರಿ ನೋಡಿ. ಗೆರೆಗಳು ಉಬ್ಬಿ ನಡುವಿನ ಮೆದು ಭಾಗ ತಗ್ಗಾಗಿರುತ್ತದೆ, ಬೆರಳಿಗೆ ಬೂದಿಯಂಥ ಪುಡಿ ಹತ್ತುತ್ತದೆ. ಪೈನಿನಂಥ ಮೆದು ಮರ ಹೀಗೆ ಬರಿಮೈಯಲ್ಲಿ ನಿಂತರೆ 100 ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಸವೆಯುತ್ತದೆ ಎಂಬುದು ಮರವಿಜ್ಞಾನಿಗಳ ಲೆಕ್ಕ. ನಮ್ಮ ಸಾಗವಾನಿ, ಜಾಲಿ ಗಟ್ಟಿ ಜಾತಿಯವು, ಇನ್ನೂ ನಿಧಾನ. ಸವೆತಕ್ಕಿಂತ ಹೆಚ್ಚು ಹಾನಿ ಬಿರುಕಿನಿಂದ. ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಬಾಯಿಬಿಟ್ಟ ಮರ ಜೂನಿನಲ್ಲಿ ನೀರು ಕುಡಿದು ಉಬ್ಬುತ್ತದೆ. ವರ್ಷ ವರ್ಷವೂ ಹೀಗೆ ಕುಗ್ಗಿ ಹಿಗ್ಗಿ ಬಿರುಕು ಆಳವಾಗುತ್ತದೆ, ಆಳದ ಬಿರುಕಿನಲ್ಲಿ ನೀರು ನಿಲ್ಲುತ್ತದೆ, ನಿಂತಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ.

ಗೋಗಿ ಇರುವುದು ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಎಲ್ಲಕ್ಕಿಂತ ಹೆಚ್ಚು ಬೇಯುವುದು ಇಳಿಬಿಸಿಲು ಹೊಡೆಯುವ ಪಡುವಣ ಗೋಡೆ. ಪಡುವಣಕ್ಕೆ ಮುಖ ಮಾಡಿದ ಬಾಗಿಲಿಗೆ ವರ್ಷಕ್ಕೊಮ್ಮೆ ಎಣ್ಣೆ ಬೇಕು, ಬಡಗಣ ಬಾಗಿಲು ಎರಡು ಮೂರು ವರ್ಷ ತಾಳುತ್ತದೆ. ಒಂದೇ ಮನೆಯ ಮರಕ್ಕೆಲ್ಲ ಒಂದೇ ಗಡುವು ಹಾಕುವುದು ಸರಿಯಲ್ಲ.

ಇಂದು ಬಹುತೇಕ ಮನೆಗಳಲ್ಲಿ ಆಗುತ್ತಿರುವುದೇನು? ಮಹಾನವಮಿಗೋ ಮದುವೆಗೋ ಗೋಡೆಗೆ ಬಣ್ಣ ಹೊಡೆಯುವಾಗ ಉಳಿದ ಆಯಿಲ್ ಪೇಂಟು ಬಾಗಿಲಿಗೂ ಏರುತ್ತದೆ. ನೀಲಿಯ ಮೇಲೆ ಹಸಿರು, ಹಸಿರಿನ ಮೇಲೆ ಚಾಕಲೇಟ್. ಎನಾಮಲ್ ಮರದ ಮೇಲೆ ಗಡುಸಾದ ಪೊರೆ ಕಟ್ಟುತ್ತದೆ. ಒಳಗಿನ ಮರ ಹಿಗ್ಗಿ ಕುಗ್ಗುವಾಗ ಪೊರೆ ಅದರ ಜೊತೆ ಬಾಗಲಾರದು. ಸಂದಿಯಲ್ಲಿ ಸೀಳುತ್ತದೆ, ಸೀಳಿನಿಂದ ನೀರು ಇಳಿಯುತ್ತದೆ. ಒಳಹೊಕ್ಕ ನೀರಿಗೆ ಆರಲು ದಾರಿ ಇಲ್ಲ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದ ಹಾಗೆ. ಹೊರಗೆ ಮಿರಿಮಿರಿ ಮಿಂಚುವ ಬಾಗಿಲವಾಡ ಒಳಗೊಳಗೇ ಮೆತ್ತಗಾಗಿರುತ್ತದೆ. ಎಣ್ಣೆಯಂಥ ಸ್ಟೇನ್ ಪೊರೆ ಕಟ್ಟುವುದಿಲ್ಲವಾದ್ದರಿಂದ ಸುಲಿಯುವುದೂ ಇಲ್ಲ, ಮೆಲ್ಲಗೆ ಮಾಸುತ್ತದೆ. ಮಾಸಿದ ಮೇಲೆ ತೊಳೆದು ಮತ್ತೊಂದು ಕೈ ಹಚ್ಚಿದರೆ ಮುಗಿಯಿತು. ಒಳಕೋಣೆಯ ಪೀಠೋಪಕರಣಕ್ಕೆ ಹೇಳಿದ ಮೆಲಮೈನ್ ಪಾಲಿಶ್, ಅರಗಿನ ಪಾಲಿಶ್‌ಗಳನ್ನು ಹೊರಬಾಗಿಲಿಗೆ ಮಾಡಿಸಿ ಹಣ ಕಳೆದುಕೊಳ್ಳಬೇಡಿ. ಅರಗು ನೀರು ತಾಗಿದರೆ ಬೆಳ್ಳಗಾಗುತ್ತದೆ, ಮೆಲಮೈನ್ ಬಿಸಿಲಿಗೆ ಸಿಡಿಯುತ್ತದೆ.

ಯಾವ ಎಣ್ಣೆ? ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಗುಣ ಎಲ್ಲ ಎಣ್ಣೆಗೂ ಇಲ್ಲ. ಅಗಸಿ ಎಣ್ಣೆಗೆ ಅದು ಚೆನ್ನಾಗಿಯೇ ಇದೆ, ಕುಸುಬಿ ಎಣ್ಣೆ ಒಣಗುತ್ತದಾದರೂ ನಿಧಾನ. ಶೇಂಗಾ ಎಣ್ಣೆ ಎಂದಿಗೂ ಒಣಗದು. ಬಾಗಿಲಿಗೆ ಅದನ್ನು ಸವರಿದರೆ ಜಿಗುಟಾಗಿ ಓಣಿಯ ಧೂಳೆಲ್ಲ ಅಂಟಿಕೊಳ್ಳುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಕರಿ ಆಯಿಲ್ ಗೆದ್ದಲಿಗೆ ಮದ್ದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಅದೂ ಒಣಗುವುದಿಲ್ಲ, ಜೊತೆಗೆ ಅದರಲ್ಲಿ ಎಂಜಿನ್ ಸವೆದ ಲೋಹದ ಅಂಶವಿರುತ್ತದೆ, ಮಕ್ಕಳು ದಿನಕ್ಕೆ ಹತ್ತು ಸಲ ಮುಟ್ಟುವ ಬಾಗಿಲಿಗೆ ಅದು ಕೂಡದು. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಎಂದು ಕೇಳಿದರೆ ಬೇಗ ಒಣಗುವ ಅಗಸಿ ಎಣ್ಣೆ ಸಿಗುತ್ತದೆ. ಹಸಿ ಎಣ್ಣೆಯನ್ನೇ ಬಳಿದರೆ ಒಣಗಲು ಬಹಳ ದಿನ ಹಿಡಿಯುತ್ತದೆ, ಬೂಷ್ಟೂ ಬರುತ್ತದೆ. ಹೊರಮೈಗೆಂದೇ ಮಾಡಿದ ಬಣ್ಣಬೆರೆತ ಸ್ಟೇನ್ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣ ಬೇಕೇ ಬೇಕು. ಬಣ್ಣವಿಲ್ಲದ ಪಾರದರ್ಶಕ ಎಣ್ಣೆ ನೀರು ತಡೆಯುತ್ತದೆ, ಬಿಸಿಲು ತಡೆಯದು. ಅತಿನೇರಳೆ ಕಿರಣವನ್ನು ತಾನು ಹೀರಿ ಮರವನ್ನು ಕಾಯುವುದು ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್. ಕಂದು, ಕೆಂಪು ಛಾಯೆಯ ಸ್ಟೇನ್‌ಗಳಲ್ಲಿ ಇರುವುದೂ ಅದೇ.

ಕೆಲಸಕ್ಕೆ ಸರಿಯಾದ ಕಾಲ ಡಿಸೆಂಬರಿನಿಂದ ಫೆಬ್ರುವರಿ. ಮಳೆ ನಿಂತು ಮರ ಒಳಗಿನಿಂದ ಆರಿರುತ್ತದೆ, ಬಿಸಿಲು ಇನ್ನೂ ಉರಿಯುತ್ತಿರುವುದಿಲ್ಲ. ಕಾದ ಮರಕ್ಕೆ ಹಚ್ಚಿದ ಎಣ್ಣೆ ಇಳಿಯುವ ಮೊದಲೇ ಮೇಲೆ ಒಣಗಿ ಪಟ್ಟೆ ಪಟ್ಟೆಯಾಗುತ್ತದೆ. ಹಾಗಾಗಿ ಪಡುವಣ ಬಾಗಿಲನ್ನು ಬೆಳಗ್ಗೆ, ಮೂಡಣದ್ದನ್ನು ಮಧ್ಯಾಹ್ನದ ಮೇಲೆ, ಅಂದರೆ ನೆರಳು ಬಿದ್ದಾಗ ಹಿಡಿಯಬೇಕು. ಮೊದಲು ಸಾಬೂನುನೀರು, ಮೆದು ಬ್ರಷ್ಷು. ಬೂದುಗಟ್ಟಿದ ಮೈಯನ್ನು ಮರಳುಕಾಗದದಿಂದ ನಾರಿನ ದಿಕ್ಕಿಗೇ ಉಜ್ಜಿ ಹಸಿ ಬಣ್ಣ ಕಾಣುವವರೆಗೆ ಬಿಡಬಾರದು. ಕಬ್ಬಿಣದ ಮೊಳೆ, ಚಿಲಕದ ಸುತ್ತ ಕಟ್ಟಿದ ಕರಿ ಕಲೆಗೆ ಶಹಾಬಾದ್ ಕಲ್ಲಿನ ನೆಲ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಸವರಿ ತೊಳೆದರೆ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಳ್ಳಿ. ಹಳೆಯ ಪೇಂಟಿನ ಪದರವಿದ್ದರೆ ಪೂರ್ತಿ ತೆಗೆಯದೆ ಎಣ್ಣೆ ಹಚ್ಚಿ ಉಪಯೋಗವಿಲ್ಲ. ತೆಗೆಯುವಾಗ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹನಿಸಿಕೊಂಡು ಉಜ್ಜಿ. ಪೇಂಟಿನಲ್ಲಿ ಸೀಸದ ಪ್ರಮಾಣ 90 ಪಿಪಿಎಂ ದಾಟಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಪದರದಲ್ಲಿ ಎಷ್ಟಿತ್ತೋ ಯಾರಿಗೆ ಗೊತ್ತು?

ಎರಡು ದಿನ ಆರಲು ಬಿಟ್ಟು ತೆಳುವಾಗಿ ಒಂದು ಕೈ ಹಚ್ಚಿ. ಕಾಲು ಗಂಟೆ ಬಿಟ್ಟು ಮರ ಕುಡಿಯದೆ ಮೇಲೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಿ. ಮರುದಿನ ಅಥವಾ ಅದರ ಮರುದಿನ ಇನ್ನೊಂದು ತೆಳು ಕೈ. ದಪ್ಪಗೆ ಬಳಿದರೆ ಎಣ್ಣೆಯೂ ಅಂಟುಪೊರೆಯಾಗುತ್ತದೆ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವಾಗಿನ ಕಾವಿಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಹಾಕಿ. ಕಣಕಿ, ಮೇವು ಇರುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಕೆಲಸ ಚೆನ್ನಾಗಿ ಬಲ್ಲ ಬಡಿಗೇರರು ಮೊದಲು ನೋಡುವುದು ಬಾಗಿಲಿನ ಎದೆಯನ್ನಲ್ಲ, ಕಾಲನ್ನು. ಮರ ಕೊಯ್ದ ತುದಿ, ಅಂದರೆ ನಾರುಗಳ ಬಾಯಿ ತೆರೆದಿರುವ ಮೈ, ಬದಿಯ ಮೈಗಿಂತ ಹಲವು ಪಟ್ಟು ನೀರು ಹೀರುತ್ತದೆ. ನಮ್ಮಲ್ಲಿ ಹೊಸ್ತಿಲನ್ನು ದಿನವೂ ತೊಳೆದು ಅರಿಶಿನ ಕುಂಕುಮ ಹಚ್ಚುತ್ತೇವೆ. ಆ ನೀರೆಲ್ಲ ಹರಿದು ಸೇರುವುದು ಬಾಗಿಲವಾಡ ಹೊಸ್ತಿಲಿಗೆ ಕೂಡುವ ಮೂಲೆಗೆ. ಹಳೆಯ ಮನೆಗಳಲ್ಲಿ ಆ ಮೂಲೆಯ ಗೇಣುದ್ದ ಮರಕ್ಕೆ ಮೊಳೆ ಒತ್ತಿದರೆ ಒಳಗಿಳಿಯುತ್ತದೆ, ಮೇಲಿನ ಆಳೆತ್ತರದ ಮರ ಕಬ್ಬಿಣದಂತಿರುತ್ತದೆ. ತೊಳೆಯುವುದನ್ನು ಬಿಡಬೇಕಿಲ್ಲ. ತೊಳೆದ ಮೇಲೆ ಆ ಮೂಲೆಗಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆ ಹಚ್ಚುವಾಗ ಬಾಗಿಲನ್ನು ಕೀಲಿನಿಂದ ಎತ್ತಿ ಇಳಿಸಿ ಅದರ ಕೆಳ ಅಂಚಿಗೆ ಇನ್ನು ಹೀರದು ಎನ್ನುವಷ್ಟು ಕುಡಿಸಬೇಕು. ಜಂತಿಯ ತುದಿಗಳಿಗೂ ಅಷ್ಟೇ. ಮೇಲ್ಮುಖವಾಗಿ ಬಾಯಿಬಿಟ್ಟ ದೊಡ್ಡ ಬಿರುಕುಗಳನ್ನು, ಮರದ ಜೊತೆ ಹಿಗ್ಗುವ ಮೆದು ಸೀಲಂಟ್‌ನಿಂದ ತುಂಬಬೇಕು, ಸಿಮೆಂಟಿನಿಂದಲ್ಲ. ಗೆದ್ದಲಿಗೆ ಎಣ್ಣೆ ಔಷಧವಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಒಂದು ತಲೆಬಾಗಿಲಿನ ಎರಡೂ ಮೈಗೆ ಅರ್ಧ ಲೀಟರಿನ ಆಸುಪಾಸು ಎಣ್ಣೆ ಹಿಡಿಯುತ್ತದೆ. ಇಷ್ಟು ಮಾಡದೆ ಬಾಗಿಲು ಹಾಳಾಯಿತೆಂದು ಕಬ್ಬಿಣದ ಗೇಟು ಕೂಡಿಸಿ, ಕೆತ್ತನೆಯ ಬಾಗಿಲವಾಡವನ್ನು ಹಳೆಯ ಸಾಮಾನು ಕೊಳ್ಳುವವರಿಗೆ ಸೌದೆಯ ದರಕ್ಕೆ ಕೊಡುವುದು ನಷ್ಟದ ವ್ಯವಹಾರ. ಅದೇ ಬಾಗಿಲನ್ನು ಒರೆಸಿ ಎಣ್ಣೆ ಹಚ್ಚಿ ಪಟ್ಟಣದ ಹೋಟೆಲು, ರೆಸಾರ್ಟುಗಳಲ್ಲಿ ಮೆರೆಸುವವರಿಗೆ ಅದರ ಬೆಲೆ ಗೊತ್ತಿದೆ.

ನಿಮ್ಮ ಮನೆಯ ಹೊರಬಾಗಿಲಿಗೆ ನಾಳೆ ಬೆಳಗ್ಗೆ ಒಂದು ಹಿಡಿ ನೀರು ಚಿಮುಕಿಸಿ ನೋಡಿ. ಹನಿ ಮುತ್ತಾಗಿ ನಿಂತರೆ ಈ ವರ್ಷ ಚಿಂತೆಯಿಲ್ಲ. ಕೆಲವೇ ನಿಮಿಷದಲ್ಲಿ ಹೀರಿಕೊಂಡು ಮರ ಕಪ್ಪಾದರೆ, ಮುಂದಿನ ಬೇಸಿಗೆ ಬರುವ ಮುನ್ನ ಎಣ್ಣೆ ಹಚ್ಚಿ. ಶುರು ಮಾಡುವುದು ಕೆಳಗಿನ ಅಂಚಿನಿಂದ.