ಬಾಡಿಗೆ ಸೈಕಲ್ಲು ಯಾರ ಕೈಗೆ ಎಟುಕಬೇಕು?

ಗಂಟೆಯ ಲೆಕ್ಕದಲ್ಲಿ ಸೈಕಲ್ಲನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಒಂದು ಕಾಲಕ್ಕೆ ನಾಡಿನ ಪೇಟೆಪೇಟೆಗಳಲ್ಲಿಯೂ ಇದ್ದುವು. ಅಂಗಡಿಯವನಿಗೆ ಮುಖಪರಿಚಯವಿದ್ದರಾಯಿತು, ಪುಸ್ತಕದಲ್ಲಿ ಹೆಸರನ್ನೂ ಹೊತ್ತನ್ನೂ ಬರೆದುಕೊಂಡು ಸೈಕಲ್ಲು ಕೊಡುತ್ತಿದ್ದನು. ಆಗ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದ ಹುಡುಗರು ಇಂದು ಮೊಮ್ಮಕ್ಕಳನ್ನು ಕಂಡಿದ್ದಾರೆ! ಆ ಪದ್ಧತಿಯೇ ಈಗ ನಗರಗಳಿಗೆ ಬೇರೊಂದು ರೂಪದಲ್ಲಿ ಮರಳಿದೆ. ಒಂದು ನಿಲ್ದಾಣದಲ್ಲಿ ಸೈಕಲ್ಲನ್ನು ತೆಗೆದುಕೊಂಡು, ಹೋಗಬೇಕಾದ ಕಡೆಯ ನಿಲ್ದಾಣದಲ್ಲಿ ಬಿಟ್ಟುಬಿಡುವುದು ಇದರ ಕ್ರಮ. ಪ್ಯಾರಿಸ್ ನಗರವು 2007ರಲ್ಲಿ ಇದನ್ನು ವಿಸ್ತಾರವಾಗಿ ಆಚರಣೆಗೆ ತಂದಿತು.

ನಮ್ಮ ಮೈಸೂರು 2017ರ ಜೂನ್ ತಿಂಗಳಿನಲ್ಲಿ 'ಟ್ರಿನ್ ಟ್ರಿನ್' ಎಂಬ ಹೆಸರಿನಿಂದ ಇದನ್ನು ಆರಂಭಿಸಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಸುಮಾರು 450 ಸೈಕಲ್ಲುಗಳು, 48 ನಿಲ್ದಾಣಗಳು. ಅಲ್ಲಿಯ ಒಂದು ಏರ್ಪಾಡು ವಿಶೇಷವಾಗಿ ಗಮನಾರ್ಹವಾದುದು. ಗುರುತಿನ ಪತ್ರ ತೋರಿಸಿ ಹೆಸರು ನೋಂದಾಯಿಸಿದವರಿಗೆ ಒಂದು ಕಾರ್ಡು ದೊರೆಯುತ್ತಿತ್ತು. ಅದನ್ನು ತೋರಿದೊಡನೆ ಸೈಕಲ್ಲಿನ ಬೀಗ ತೆರೆಯುತ್ತಿತ್ತು. ಬೆಲೆಬಾಳುವ ಫೋನಿಲ್ಲದ ಗೃಹಸ್ಥನೂ ಇದರಿಂದ ಹೊರಗುಳಿಯಬೇಕಾಗಿರಲಿಲ್ಲ.

ಬೆಂಗಳೂರಿನ ಕಥೆ ಬೇರೆ. 2017ರಲ್ಲಿ ಇಲ್ಲಿಯೇ ಹುಟ್ಟಿದ ಯುಲು ಸಂಸ್ಥೆಯು ಮೊದಲು ಸೈಕಲ್ಲುಗಳನ್ನೂ 2019ರಿಂದ ಪೆಡಲಿಲ್ಲದ ವಿದ್ಯುತ್ ವಾಹನಗಳನ್ನೂ ಒದಗಿಸಿತು. ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರು ಅವುಗಳ ಮೇಲೆ ದುಡಿಯುತ್ತಿದ್ದಾರೆ. ಅಷ್ಟರಮಟ್ಟಿಗೆ ಇದು ಉಪಕಾರವೇ ಸರಿ. ಆದರೆ ಫೋನಿನ ಆ್ಯಪು ಬಲ್ಲವರಿಗಷ್ಟೇ ಅದರ ಬಾಗಿಲು ತೆರೆಯುತ್ತದೆ. ಅಲಸೂರಿನಿಂದ ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುವ ತಾಯಿಯ ಗತಿಯೇನು? ಸರ್ಕಾರವು 2006-07ರಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿತು. ಆಗ ಎಂಟನೆಯ ತರಗತಿಯಲ್ಲಿದ್ದವರು ಇಂದು ಮೂವತ್ತು ದಾಟಿದ ಗೃಹಿಣಿಯರು. ತುಳಿಯುವ ವಿದ್ಯೆ ಅವರಲ್ಲಿದೆ. ವಾಹನ ಅವರ ಸಮೀಪಕ್ಕೆ ಬರಬೇಕಾಗಿದೆ.

ನಿಲ್ದಾಣಗಳನ್ನು ಎಲ್ಲಿ ಸ್ಥಾಪಿಸಬೇಕೆಂಬುದರಲ್ಲಿಯೇ ನ್ಯಾಯಾನ್ಯಾಯಗಳು ನಿರ್ಣಯವಾಗುತ್ತವೆ. ಲಾಭವನ್ನಷ್ಟೇ ಎಣಿಸುವವರು ಇಂದಿರಾನಗರದ ನೂರಡಿ ರಸ್ತೆಯನ್ನು ಮೊದಲು ಆರಿಸುವುದು ಸಹಜ. ಶಿವಾಜಿನಗರದ ಬಸ್ ನಿಲ್ದಾಣ, ರಸೆಲ್ ಮಾರುಕಟ್ಟೆಯ ಆಸುಪಾಸು, ಅಲಸೂರಿನ ಒಳಕೇರಿಗಳು ಮೊದಲ ಪಟ್ಟಿಯಲ್ಲಿಯೇ ಸೇರಬೇಕೆಂಬುದು ನನ್ನ ಅಭಿಪ್ರಾಯ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೊ ಸಂಪರ್ಕ ಕೂಡಿಬಂದಿತು. ರೈಲು ಇಳಿದ ಮೇಲೆ ಮನೆಯವರೆಗಿನ ಒಂದೆರಡು ಕಿಲೋಮೀಟರಿಗೆ ಆಟೋದವನಿಗೆ ತೆರುವ ಹಣವೇ ಬಡವನಿಗೆ ಭಾರ. ಅಲ್ಲಿ ಸೈಕಲ್ಲಿರಲಿ, ಆಸನವನ್ನು ತಗ್ಗಿಸಲು ಬರಲಿ, ಸೀರೆಯುಟ್ಟವರಿಗೆ ಅಡ್ಡಪಟ್ಟಿಯ ತೊಡಕು ಇಲ್ಲದಿರಲಿ, ಹಣವನ್ನು ನಗದಾಗಿ ಪಡೆಯುವ ಒಬ್ಬ ಮನುಷ್ಯನೂ ಬೆಳಗಿನ ಐದು ಗಂಟೆಗೇ ಅಲ್ಲಿ ಕುಳಿತಿರಲಿ.